ಭೌತಶಾಸ್ತ್ರದ ಲೆಕ್ಕ ಮತ್ತು ಮನೆಯ ಹಿರಿಯರು

ಪ್ರಥಮ ಪಿಯುಸಿ ತರಗತಿಗಳು ಆರಂಭವಾಗಿ ಎರಡು ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಅನೇಕ ಮನೆಗಳಲ್ಲಿ ಒಂದು ಬಗೆಯ ಮೌನ ಕವಿಯುವುದನ್ನು ಓದುಗರಲ್ಲಿ ಹಲವರು ಬಲ್ಲರು. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಶೇಕಡಾ ತೊಂಬತ್ತರ ಆಸುಪಾಸಿನಲ್ಲಿ ಅಂಕ ಗಳಿಸಿ, ಸಮಾಜದ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಶಾಲು ಹೊದಿಸಿಕೊಂಡು, ಹಿರಿಯರ ಆಶೀರ್ವಾದ ಪಡೆದು ವಿಜ್ಞಾನ ವಿಭಾಗಕ್ಕೆ ಸೇರಿದ ಮಗ ಅಥವಾ ಮಗಳು ಭೌತಶಾಸ್ತ್ರದ ಮೊದಲ ಕಿರುಪರೀಕ್ಷೆಯಲ್ಲಿ ಕೈಸೋತು ಮನೆಗೆ ಬರುತ್ತಾರೆ. ಪುಸ್ತಕ ತೆರೆದಿರುತ್ತದೆ, ದೀಪ ಉರಿಯುತ್ತಿರುತ್ತದೆ, ಹಾಳೆ ಮಾತ್ರ ಬರಿದಾಗಿರುತ್ತದೆ. "ಓದುತ್ತಿದ್ದೀಯಾ?" ಎಂದು ಕೇಳಿದರೆ "ಹೌದು" ಎಂಬ ಉತ್ತರ ಬರುತ್ತದೆ. ಅದು ಸುಳ್ಳೂ ಅಲ್ಲ. ಪಾಠವನ್ನು ಓದಿದ್ದಾಗಿದೆ, ಸೂತ್ರಗಳು ಬಾಯಿಪಾಠವಾಗಿವೆ. ಪಾಠದ ಕೊನೆಯಲ್ಲಿರುವ ಲೆಕ್ಕಗಳನ್ನು ಮಾತ್ರ ಬಿಡಿಸಲಾಗುತ್ತಿಲ್ಲ.

ಇಂತಹ ಸಂದರ್ಭದಲ್ಲಿ ಮಾತಾಪಿತೃಗಳು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾರೆ. ಸಾಲ ಮಾಡಿಯಾದರೂ ಟ್ಯೂಷನ್ನಿಗೆ ಕಳುಹಿಸುತ್ತಾರೆ. ಇಲ್ಲವೇ "ನಮ್ಮ ಮನೆತನಕ್ಕೆ ಸೈನ್ಸ್ ಒಗ್ಗುವುದಿಲ್ಲ" ಎಂದು ಮಗುವನ್ನು ಬೇರೆ ವಿಭಾಗಕ್ಕೆ ವರ್ಗಾಯಿಸುತ್ತಾರೆ. ಎರಡಕ್ಕೂ ಮುನ್ನ ಮಾಡಬಹುದಾದ ಕೆಲಸವೊಂದಿದೆ. ಅದಕ್ಕೆ ಹಣ ಬೇಡ, ಪದವಿಯೂ ಬೇಡ. ಈ ಮಾತನ್ನು ನಾನು ಹೇಳುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ತರ್ಕವನ್ನೂ ಓದಿದವನಿಗೂ ನ್ಯೂಟನ್ನನ ನಿಯಮಗಳಿಗೂ ಎತ್ತಣ ಸಂಬಂಧವೆಂದು ಅವರು ಕೇಳಿಯಾರು. ವಿದ್ಯಾರ್ಥಿನಿಲಯವೊಂದರಲ್ಲಿ ಅನೇಕ ವರ್ಷ ಸಂಜೆಯ ಹೊತ್ತು ಮಕ್ಕಳ ಓದಿನ ಮೇಲ್ವಿಚಾರಣೆ ನೋಡಿಕೊಂಡವನಿಗೆ, ಅವರು ಎಲ್ಲಿ ಎಡವುತ್ತಾರೆಂಬುದು ತಾನಾಗಿಯೇ ತಿಳಿಯುತ್ತದೆ. ಎಡವುವ ಜಾಗಗಳು ಬಹಳವಿಲ್ಲ. ಪ್ರತಿ ವರ್ಷವೂ ಹೊಸ ಮಕ್ಕಳು ಹಳೆಯ ಕಲ್ಲುಗಳನ್ನೇ ಎಡವುತ್ತಾರೆ.

ಮೊದಲನೆಯ ಕಲ್ಲು ಭಾಷೆ. ಹತ್ತು ವರ್ಷ ಕನ್ನಡದಲ್ಲಿ ವಿಜ್ಞಾನ ಕಲಿತ ಮಗು ಹನ್ನೊಂದನೆಯ ವರ್ಷ ಒಮ್ಮೆಲೇ ಇಂಗ್ಲಿಷಿನಲ್ಲಿ ಕಲಿಯಬೇಕಾಗುತ್ತದೆ. ನಮ್ಮ ರಾಜ್ಯದ ಪಿಯುಸಿ ವಿಜ್ಞಾನಕ್ಕೆ 2012ರಿಂದ ಎನ್.ಸಿ.ಇ.ಆರ್.ಟಿ. ಪಠ್ಯಕ್ರಮವನ್ನು ಅಳವಡಿಸಲಾಯಿತು. ಪುಸ್ತಕ ಉತ್ತಮವಾದುದೇ. ಆದರೆ ಅದರ ಲೆಕ್ಕಗಳಲ್ಲಿ ಅಂಕಿಗಳಿಗಿಂತ ಮಾತುಗಳೇ ಹೆಚ್ಚು, ಮತ್ತು ಆ ಮಾತುಗಳೊಳಗೆ ಅಂಕಿಗಳು ಅಡಗಿ ಕುಳಿತಿರುತ್ತವೆ. ‘ಡ್ರಾಪ್’ ಎಂಬ ಪದವನ್ನೇ ತೆಗೆದುಕೊಳ್ಳಿರಿ. ಬಾವಿಯೊಳಗೆ ಕಲ್ಲೊಂದನ್ನು ‘ಡ್ರಾಪ್’ ಮಾಡಲಾಯಿತು, ಎರಡು ಸೆಕೆಂಡುಗಳ ಬಳಿಕ ಅದು ನೀರು ಮುಟ್ಟಿತು, ಬಾವಿಯ ಆಳವೆಷ್ಟು ಎಂದು ಲೆಕ್ಕ ಕೇಳುತ್ತದೆ. ಆರಂಭದ ವೇಗವನ್ನು ಕೊಟ್ಟೇ ಇಲ್ಲವೆಂದು ಮಗು ಕೈಚೆಲ್ಲುತ್ತದೆ. ವಾಸ್ತವವಾಗಿ ಕೊಟ್ಟಿದೆ. ‘ಡ್ರಾಪ್’ ಎಂದರೆ ಎಸೆಯಲಿಲ್ಲ, ಸುಮ್ಮನೆ ಕೈಬಿಟ್ಟರು. ಆದ್ದರಿಂದ ಆರಂಭದ ವೇಗ ಸೊನ್ನೆ. ಅಷ್ಟು ತಿಳಿದರೆ ಉಳಿದದ್ದು ಒಂದೇ ಸಾಲು: 9.8ರ ಅರ್ಧವನ್ನು ಎರಡರ ವರ್ಗದಿಂದ ಗುಣಿಸಿದರೆ 19.6 ಮೀಟರ್. ಕಲ್ಲು ನೀರಿಗೆ ಬಿದ್ದ ಸದ್ದು ಮೇಲೆ ಬರಲು ಹಿಡಿಯುವ ಸಮಯ ಸೆಕೆಂಡಿನ ನೂರರಲ್ಲಿ ಆರು ಪಾಲು ಮಾತ್ರ. ಅದನ್ನು ಇಲ್ಲಿ ಬಿಟ್ಟುಬಿಡಬಹುದು.

ಇಂತಹ ಪದಗಳು ಒಂದು ಹತ್ತು ಹನ್ನೆರಡು ಇವೆ. ‘ಸ್ಮೂತ್’ ಎಂದರೆ ನುಣುಪು, ಅಂದರೆ ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯಬೇಡ. ಹಗ್ಗ ‘ಲೈಟ್’ ಎಂದರೆ ಅದರ ರಾಶಿಯನ್ನು ಗಣಿಸಬೇಡ. ಆಗ ಹಗ್ಗದ ಎಳೆತ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ. ಹಗ್ಗ ಹಿಗ್ಗದು ಎಂದರೆ ಎರಡೂ ತುದಿಗಳಲ್ಲಿ ಕಟ್ಟಿದ ವಸ್ತುಗಳ ವೇಗೋತ್ಕರ್ಷದ ಪ್ರಮಾಣ ಒಂದೇ. ‘ಯೂನಿಫಾರ್ಮ್’ ಎಂದರೆ ಬದಲಾಗದ್ದು. ‘ಕಮ್ಸ್ ಟು ರೆಸ್ಟ್’ ಎಂದರೆ ಕೊನೆಯ ವೇಗ ಸೊನ್ನೆ. ಈ ಪದಗಳನ್ನು ಒಂದು ಹಾಳೆಯಲ್ಲಿ ಬರೆದು, ಎದುರಿಗೆ ಕನ್ನಡದ ಅರ್ಥವನ್ನೂ ಅದು ಬಚ್ಚಿಟ್ಟುಕೊಂಡಿರುವ ಅಂಕಿಯನ್ನೂ ಬರೆದು, ಓದುವ ಮೇಜಿನ ಮುಂದಿನ ಗೋಡೆಗೆ ಅಂಟಿಸಿದರೆ ಅರ್ಧ ಭಯ ದೂರವಾಗುತ್ತದೆ.

ನಮ್ಮ ಕನ್ನಡ ಪಠ್ಯಪುಸ್ತಕಗಳ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. ಬಳಕೆಯ ಮಾತಿನಲ್ಲಿ ನಾವು ಜವ, ವೇಗ ಎಂಬ ಎರಡಕ್ಕೂ ಒಂದೇ ಅರ್ಥ ಮಾಡುತ್ತೇವೆ. ಶಾಲೆಯ ಪುಸ್ತಕ ಮಾತ್ರ ದಿಕ್ಕಿಲ್ಲದ್ದನ್ನು ಜವವೆಂದೂ ದಿಕ್ಕುಳ್ಳದ್ದನ್ನು ವೇಗವೆಂದೂ ಬೇರ್ಪಡಿಸಿದೆ. ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರೂ ಹಾಗೆಯೇ: ಹಳ್ಳಿಯ ಮಾತಿನಲ್ಲಿ ಮೂರೂ ಪೈಲವಾನನ ತೋಳಿನಲ್ಲಿವೆ, ಭೌತಶಾಸ್ತ್ರದಲ್ಲಿ ಮೂರಕ್ಕೂ ಮೂರು ಏಕಮಾನಗಳಿವೆ. ತಲೆಯ ಮೇಲೆ ಕ್ವಿಂಟಲ್ ಚೀಲ ಹೊತ್ತು ಅಲುಗದೆ ನಿಂತ ಹಮಾಲನು ಬೆವರು ಸುರಿಸಿದರೂ ಆ ಚೀಲದ ಮೇಲೆ ‘ಕೆಲಸ’ ಮಾಡಿಲ್ಲವೆಂದು ಶಾಸ್ತ್ರ ಹೇಳುತ್ತದೆ. ಕೂಲಿ ಕೊಡುವಾಗ ಈ ವ್ಯಾಖ್ಯೆಯನ್ನು ಯಾರೂ ಹಿಡಿಯಬಾರದು, ಅದು ಬೇರೆ ಮಾತು. ಒಂಬತ್ತನೆಯ ತರಗತಿಯಲ್ಲಿ ಚಲನೆ ಮತ್ತು ಬಲದ ಪಾಠಗಳನ್ನು ಕನ್ನಡದಲ್ಲಿ ಓದಿದ ಮಗುವಿನ ಬಳಿ ಈ ಸಂಪತ್ತು ಆಗಲೇ ಇದೆ. ಆ ಹಳೆಯ ಪುಸ್ತಕವನ್ನು ರದ್ದಿಗೆ ಹಾಕದೆ ಇಟ್ಟುಕೊಂಡರೆ, ಅದೇ ಪಿಯುಸಿಯ ಮೊದಲ ಸಹಾಯಕ ಗ್ರಂಥ.

ನನಗೆ ಪರಿಚಿತವಾದ ಒಂದು ಮನೆಯ ಸಂಗತಿಯನ್ನು ಇಲ್ಲಿ ಉಲ್ಲೇಖಿಸಬೇಕೆನಿಸುತ್ತದೆ. ತಾಯಿ ಏಳನೆಯ ಇಯತ್ತೆಯವರೆಗೆ ಓದಿದವರು. ಮಗಳು ಮೊದಲ ಪರೀಕ್ಷೆಯಲ್ಲಿ ಭೌತಶಾಸ್ತ್ರದಲ್ಲಿ ಅನುತ್ತೀರ್ಣಳಾಗಿ ಕಾಮರ್ಸಿಗೆ ಹೋಗುವೆನೆಂದು ಹಠ ಹಿಡಿದಳು. ತಂದೆಯೂ ಒಪ್ಪಿದ್ದರು. ತಾಯಿ ಮಾತ್ರ, "ದೀಪಾವಳಿ ತನಕ ತಡಿ, ನಾ ರೊಟ್ಟಿ ಬಡಿಯೂ ಹೊತ್ತಿಗೆ ದಿನಾ ಒಂದ ಲೆಕ್ಕ ನನಗ ಕನ್ನಡದಾಗ ಹೇಳು" ಎಂದರು. "ಅವ್ವಾ, ನಿನಗ ತಿಳೀತೈತೇನ?" ಎಂದು ಮಗಳು ನಕ್ಕಳು. "ತಿಳೀಲಿಲ್ಲಂದ್ರ ಕೇಳ್ತೀನಿ" ಎಂದರು ತಾಯಿ. ಆ ಕೇಳುವಿಕೆಯೇ ಪಾಠವಾಯಿತು. ‘ಆ ಕಲ್ಲು ಯಾರು ಒಗದ್ರು? ಹಗ್ಗ ಎಲ್ಲಿ ಕಟ್ಟೈತಿ? ಗಾಡಿ ನಿಂತಿತ್ತೋ ಓಡ್ತಿತ್ತೋ? ನಿನಗ ಏನು ಬೇಕಾಗೇತಿ?’ ಈ ಪ್ರಶ್ನೆಗಳಿಗೆ ಉತ್ತರ ಹೇಳುತ್ತಾ ಮಗಳು ಕೊಟ್ಟದ್ದು ಯಾವುದು, ಕೇಳಿದ್ದು ಯಾವುದು ಎಂಬುದನ್ನು ಬೇರ್ಪಡಿಸಲು ಕಲಿತಳು. ಅವಳು ರ‍್ಯಾಂಕ್ ಏನೂ ಪಡೆಯಲಿಲ್ಲ. ವಿಜ್ಞಾನವನ್ನು ಬಿಡಲಿಲ್ಲ, ಎರಡೂ ವರ್ಷ ಉತ್ತೀರ್ಣಳಾಗಿ ಬಿ.ಎಸ್ಸಿ.ಗೆ ಸೇರಿದಳು.

ಆ ತಾಯಿ ತಮಗರಿವಿಲ್ಲದೆ ನಡೆದ ದಾರಿಯನ್ನೇ ಜಾರ್ಜ್ ಪೋಲ್ಯಾ ಎಂಬ ಹಂಗೇರಿ ಮೂಲದ ಗಣಿತಜ್ಞರು 1945ರಲ್ಲಿ ಪ್ರಕಟವಾದ ‘ಹೌ ಟು ಸಾಲ್ವ್ ಇಟ್’ ಎಂಬ ತಮ್ಮ ಗ್ರಂಥದಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿದ್ದಾರೆ. ಮೊದಲು ಸಮಸ್ಯೆಯನ್ನು ಅರಿಯುವುದು, ಬಳಿಕ ಉಪಾಯ ಹೂಡುವುದು, ಅದನ್ನು ನಡೆಸುವುದು, ಕೊನೆಗೆ ಬಂದ ಉತ್ತರವನ್ನು ಹಿಂದಿರುಗಿ ನೋಡುವುದು. ನಮ್ಮ ಮಕ್ಕಳು ಮೂರನೆಯದನ್ನು ಮಾತ್ರ ಲೆಕ್ಕವೆಂದು ಭಾವಿಸುತ್ತಾರೆ. ಮೊದಲನೆಯದನ್ನು ಮಾಡಿಸಲು ಕೇಳುವ ಕಿವಿಯೊಂದಿದ್ದರೆ ಸಾಕು. ಕೊನೆಯದಕ್ಕೂ ಮನೆಯ ಹಿರಿಯರೇ ಅತ್ಯುತ್ತಮರು. ಅವರಿಗೆ ಲೋಕಾನುಭವವಿದೆ.

ಹಿಂದಿರುಗಿ ನೋಡುವುದೆಂದರೇನು? ಗಂಟೆಗೆ 54 ಕಿಲೋಮೀಟರ್ ಜವದಲ್ಲಿ ಓಡುತ್ತಿದ್ದ ಬಸ್ಸೊಂದು ಬ್ರೇಕ್ ಹಾಕಿದ ಮೇಲೆ 30 ಮೀಟರ್ ಸಾಗಿ ನಿಂತಿತು, ಅದರ ವೇಗ ಎಷ್ಟರಂತೆ ಕುಂದಿತು ಎಂಬ ಲೆಕ್ಕವಿದೆ ಎನ್ನೋಣ. ಹುಡುಗ 54ನ್ನು ಹಾಗೆಯೇ ಸೂತ್ರದೊಳಗೆ ಹಾಕುತ್ತಾನೆ. 54ರ ವರ್ಗವನ್ನು 60ರಿಂದ ಭಾಗಿಸಿದರೆ 48.6 ಬರುತ್ತದೆ. ಅಂಕಗಣಿತ ಸರಿಯಾಗಿದೆ, ಸೂತ್ರವೂ ಸರಿಯಾಗಿದೆ. ಆದರೆ ಬಿಟ್ಟ ಕಲ್ಲು ಭೂಮಿಗೆ ಬೀಳುವ ವೇಗೋತ್ಕರ್ಷವೇ 9.8, ಇದು ಅದರ ಸುಮಾರು ಐದು ಪಟ್ಟು. ಇಂತಹ ಬ್ರೇಕ್ ಹಾಕಿದರೆ ಪ್ರಯಾಣಿಕರ ಗತಿಯೇನು? ಬಸ್ಸಿನಲ್ಲಿ ಓಡಾಡಿದ ಯಾವ ಅಜ್ಜಿಯೂ ಈ ಉತ್ತರವನ್ನು ಒಪ್ಪಲಾರಳು. ದೋಷ ಏಕಮಾನದಲ್ಲಿದೆ. ದೂರ ಮೀಟರಿನಲ್ಲಿರುವಾಗ ವೇಗವೂ ಸೆಕೆಂಡಿಗೆ ಮೀಟರಿನಲ್ಲಿರಬೇಕು; 54ನ್ನು 3.6ರಿಂದ ಭಾಗಿಸಿದರೆ 15. ಅದರ ವರ್ಗ 225, ಅದನ್ನು 60ರಿಂದ ಭಾಗಿಸಿದರೆ 3.75. ಬಸ್ಸಿನ ವೇಗ ಪ್ರತಿ ಸೆಕೆಂಡಿಗೆ 3.75 ಮೀಟರಿನಂತೆ ಕುಂದುತ್ತಾ ನಾಲ್ಕು ಸೆಕೆಂಡಿನಲ್ಲಿ ನಿಲ್ಲುತ್ತದೆ. ಅದು ಸರಿಯೇ ಎಂದು ಇನ್ನೊಂದು ದಾರಿಯಿಂದ ನೋಡಬಹುದು: ಸರಾಸರಿ ವೇಗ 7.5, ಸಮಯ ನಾಲ್ಕು, ಗುಣಲಬ್ಧ 30 ಮೀಟರ್. ಲೆಕ್ಕ ಕೂಡಿತು. ಇದೇ ಬಸ್ಸು ಎರಡರಷ್ಟು ವೇಗದಲ್ಲಿದ್ದು ಬ್ರೇಕ್ ಇಷ್ಟೇ ಹಿಡಿದರೆ ನಿಲ್ಲಲು 60 ಮೀಟರ್ ಸಾಲದು, 120 ಮೀಟರ್ ಬೇಕು. ಮನೆಯಲ್ಲಿ ಬೈಕ್ ಓಡಿಸುವ ಯುವಕರಿದ್ದರೆ ಈ ಲೆಕ್ಕವನ್ನು ಅವರ ಮುಂದೆಯೂ ಬಿಡಿಸುವುದು ಲೇಸು.

ಎರಡನೆಯ ಕಲ್ಲು ನ್ಯೂಟನ್ನನ ಮೂರನೆಯ ನಿಯಮ. ಕ್ರಿಯೆಗೆ ಸಮನಾದ ಹಾಗೂ ವಿರುದ್ಧವಾದ ಪ್ರತಿಕ್ರಿಯೆ ಇದ್ದೇ ಇರುತ್ತದೆಂದು ಎಲ್ಲರೂ ಒಪ್ಪಿಸುತ್ತಾರೆ. ಅಷ್ಟರಲ್ಲಿ ಜಾಣ ಹುಡುಗಿಯೊಬ್ಬಳು ಕೇಳುತ್ತಾಳೆ: "ಎತ್ತು ಬಂಡಿಯನ್ನು ಎಷ್ಟು ಬಲದಿಂದ ಮುಂದಕ್ಕೆ ಎಳೆಯುತ್ತದೋ ಬಂಡಿಯೂ ಎತ್ತನ್ನು ಅಷ್ಟೇ ಬಲದಿಂದ ಹಿಂದಕ್ಕೆ ಎಳೆಯುವುದಾದರೆ, ಎರಡೂ ಸರಿಹೋಗಿ ಬಂಡಿ ನಿಂತಲ್ಲೇ ನಿಲ್ಲಬೇಕಲ್ಲವೆ?" ಇದು ಉಡಾಫೆಯ ಪ್ರಶ್ನೆಯಲ್ಲ. ಇದನ್ನು ಕೇಳಿದ ಮಗುವನ್ನು "ಪುಸ್ತಕದಲ್ಲಿದ್ದಂತೆ ಬರೆ" ಎಂದು ಗದರಿಸಿದವರು ಒಂದು ಬುದ್ಧಿಯ ಬಾಗಿಲನ್ನು ಮುಚ್ಚಿದಂತೆ. ಇಡೀ ಬಲವಿಜ್ಞಾನವನ್ನು ಕಲಿಸಲು ಈ ಒಂದು ಪ್ರಶ್ನೆ ಸಾಕು.

ಬೇಸಾಯ ಬಲ್ಲ ಅಜ್ಜನಿದ್ದರೆ ಉತ್ತರ ಅವನ ಅನುಭವದಲ್ಲೇ ಇದೆ. ಒಣನೆಲದಲ್ಲಿ ಸಲೀಸಾಗಿ ಬಂಡಿ ಎಳೆಯುವ ಎತ್ತು ಕೆಸರಿನಲ್ಲಿ ಏಕೆ ಎಳೆಯಲಾರದು? ಚಕ್ರ ಹೂಳುವುದು ಒಂದು ಕಾರಣ. ಇನ್ನೊಂದು, ಅದರ ಕಾಲು ಜಾರುತ್ತದೆ. ಅಂದರೆ ಎತ್ತು ಮುಂದೆ ಹೋಗುವುದು ನೆಲವನ್ನು ಗೊರಸಿನಿಂದ ಹಿಂದಕ್ಕೆ ಒತ್ತುವುದರಿಂದ. ನೆಲ ಅದನ್ನು ಮುಂದಕ್ಕೆ ತಳ್ಳುತ್ತದೆ. ಈಗ ಹಾಳೆಯ ಮೇಲೆ ಎತ್ತನ್ನು ಮಾತ್ರ ಬರೆಯಿರಿ, ಬಂಡಿಯನ್ನು ಬರೆಯಬೇಡಿರಿ. ಎತ್ತಿನ ಮೇಲೆ ನೆಲದ ತಳ್ಳು ಮುಂದಕ್ಕೆ, ಬಂಡಿಯ ಎಳೆತ ಹಿಂದಕ್ಕೆ. ಮೊದಲನೆಯದು ಹೆಚ್ಚಾದರೆ ಎತ್ತು ವೇಗ ಪಡೆಯುತ್ತದೆ. ಇನ್ನೊಂದು ಹಾಳೆಯಲ್ಲಿ ಬಂಡಿಯನ್ನು ಮಾತ್ರ ಬರೆಯಿರಿ. ಅದರ ಮೇಲೆ ಎತ್ತಿನ ಎಳೆತ ಮುಂದಕ್ಕೆ, ಚಕ್ರಕ್ಕೆ ನೆಲ ಒಡ್ಡುವ ತಡೆ ಹಿಂದಕ್ಕೆ. ಎಳೆತ ಹೆಚ್ಚಾದರೆ ಬಂಡಿ ಚಲಿಸಲಾರಂಭಿಸುತ್ತದೆ. ಸಮನಾದ ಹಾಗೂ ವಿರುದ್ಧವಾದ ಆ ಜೋಡಿ ಬಲಗಳು ಒಂದೇ ಹಾಳೆಯಲ್ಲಿ ಎಲ್ಲಿಯೂ ಕೂಡಿ ಬರಲಿಲ್ಲವೆಂಬುದನ್ನು ಗಮನಿಸಿರಿ. ಒಂದು ಎತ್ತಿನ ಮೇಲಿದೆ, ಒಂದು ಬಂಡಿಯ ಮೇಲಿದೆ. ಬೇರೆ ಬೇರೆ ವಸ್ತುಗಳ ಮೇಲಿನ ಬಲಗಳು ಒಂದನ್ನೊಂದು ಅಳಿಸಿಹಾಕಲಾರವು. ನಿಮ್ಮ ಮನೆಯ ಜಮಾ ಪಕ್ಕದ ಮನೆಯ ಖರ್ಚಿಗೆ ವಜಾ ಆಗದಷ್ಟೇ ಇದು ಸ್ಪಷ್ಟ.

ಒಂದು ವಸ್ತುವನ್ನು ಉಳಿದೆಲ್ಲದರಿಂದ ಬೇರ್ಪಡಿಸಿ, ಅದರ ಮೇಲೆ ಬೇರೆಯವು ಹಾಕುವ ಬಲಗಳನ್ನು ಮಾತ್ರ ಬಾಣಗಳಿಂದ ತೋರಿಸುವ ಈ ಚಿತ್ರಕ್ಕೆ ಕಾಲೇಜಿನಲ್ಲಿ ‘ಫ್ರೀ ಬಾಡಿ ಡಯಾಗ್ರಾಮ್’ ಎನ್ನುತ್ತಾರೆ. ಚಿತ್ರವಿಲ್ಲದೆ ಬಲದ ಲೆಕ್ಕಕ್ಕೆ ಕೈಹಾಕಬಾರದೆಂಬುದನ್ನು ಮನೆಯ ನಿಯಮವಾಗಿ ಮಾಡಿದರೆ ಒಳಿತು. ಪ್ರತಿಯೊಂದು ಬಾಣವನ್ನೂ ತೋರಿಸಿ "ಇದನ್ನು ಹಾಕುತ್ತಿರುವವರು ಯಾರು?" ಎಂದು ಕೇಳಿರಿ. ಉತ್ತರವಿಲ್ಲದ ಬಾಣ ಇರಕೂಡದು. ರಾಟೆಯ ಎರಡು ಬದಿಗೆ 4 ಕಿಲೋಗ್ರಾಂ ಮತ್ತು 6 ಕಿಲೋಗ್ರಾಂ ರಾಶಿಗಳನ್ನು ಹಗ್ಗದಿಂದ ತೂಗುಹಾಕಿದ ಪ್ರಸಿದ್ಧ ಲೆಕ್ಕ ಇದರಿಂದ ಎರಡೇ ಚಿತ್ರಗಳಲ್ಲಿ ಬಿಡಿಸಿಕೊಳ್ಳುತ್ತದೆ. ವೇಗೋತ್ಕರ್ಷ 1.96, ಹಗ್ಗದ ಎಳೆತ 47.04 ನ್ಯೂಟನ್. ಹಿಂದಿರುಗಿ ನೋಡಿದರೆ ಇದು ಚಿಕ್ಕ ರಾಶಿಯ ತೂಕವಾದ 39.2ಕ್ಕಿಂತ ಹೆಚ್ಚು, ದೊಡ್ಡದರ ತೂಕವಾದ 58.8ಕ್ಕಿಂತ ಕಡಿಮೆ. ಚಿಕ್ಕದು ಮೇಲೇರುತ್ತಾ ದೊಡ್ಡದು ಕೆಳಗಿಳಿಯುತ್ತಾ ವೇಗ ಪಡೆಯಬೇಕಾದರೆ ಹಾಗೆಯೇ ಇರಬೇಕಷ್ಟೆ.

ಮೂರನೆಯದು ಸೂತ್ರಗಳ ಮೋಹ. ತರ್ಕಶಾಸ್ತ್ರದಲ್ಲಿ ಲಕ್ಷಣಕ್ಕೆ ಮೂರು ದೋಷಗಳನ್ನು ಹೇಳುತ್ತಾರೆ: ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ. ಕೊಂಬುಳ್ಳದ್ದು ಹಸು ಎಂದರೆ ಎಮ್ಮೆಯೂ ಹಸುವಾದೀತು; ಅದು ಅತಿವ್ಯಾಪ್ತಿ. ನಮ್ಮ ಮಕ್ಕಳು ಭೌತಶಾಸ್ತ್ರದಲ್ಲಿ ಮಾಡುವ ತಪ್ಪುಗಳಲ್ಲಿ ಬಹುಪಾಲು ಅತಿವ್ಯಾಪ್ತಿಯೇ. ಚಲನೆಯ ಮೂರು ಸಮೀಕರಣಗಳು ವೇಗೋತ್ಕರ್ಷ ಬದಲಾಗದೆ ಇರುವಲ್ಲಿ ಮಾತ್ರ ಸಲ್ಲುತ್ತವೆ. ಈ ಷರತ್ತನ್ನು ಮರೆತು ಎಲ್ಲಕ್ಕೂ ಹಚ್ಚಿದರೆ ಏನಾಗುತ್ತದೆ? ಒಂದು ಕಿಲೋಮೀಟರ್ ಎತ್ತರದ ಮೋಡದಿಂದ ಬೀಳುವ ಮಳೆಹನಿಗೆ ಹಚ್ಚಿ ನೋಡಿರಿ. ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 140 ಮೀಟರ್, ಅಂದರೆ ಗಂಟೆಗೆ 504 ಕಿಲೋಮೀಟರ್ ಎಂದು ಬರುತ್ತದೆ. ಅಂತಹ ಮಳೆಯಲ್ಲಿ ಬೆಳೆಯೂ ಉಳಿಯದು, ಬಯಲಿನಲ್ಲಿ ನಿಂತ ರೈತನೂ ಉಳಿಯಲಾರನು. ಗಾಳಿಯ ತಡೆಯಿಂದಾಗಿ ದೊಡ್ಡ ಹನಿಗಳು ಸಹ ಸೆಕೆಂಡಿಗೆ ಸುಮಾರು 9 ಮೀಟರಿನಷ್ಟೇ ವೇಗದಲ್ಲಿ ಇಳಿಯುತ್ತವೆ. ಸೂತ್ರ ಸುಳ್ಳಲ್ಲ, ಅದನ್ನು ಅದರದಲ್ಲದ ಜಾಗಕ್ಕೆ ಒಯ್ದದ್ದು ತಪ್ಪು. ಆದ್ದರಿಂದ ಸೂತ್ರ ಬರೆದಿಡುವ ಪುಸ್ತಕದಲ್ಲಿ ಪ್ರತಿ ಸೂತ್ರದ ಕೆಳಗೆ ‘ಇದು ಎಲ್ಲಿ ಸಲ್ಲದು’ ಎಂಬ ಒಂದು ಸಾಲನ್ನೂ ಮಗು ಬರೆಯಲಿ.

1981ರಲ್ಲಿ ಮಿಶೆಲೀನ್ ಚಿ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಮಾತಿಗೆ ಪುಷ್ಟಿ ಕೊಡುತ್ತದೆ. ಭೌತಶಾಸ್ತ್ರದ ಲೆಕ್ಕಗಳನ್ನು ಬಗೆಬಗೆಯಾಗಿ ವಿಂಗಡಿಸಲು ಹೇಳಿದಾಗ ಹೊಸಬರು ‘ಇವು ಇಳಿಜಾರಿನವು, ಇವು ಸ್ಪ್ರಿಂಗಿನವು’ ಎಂದು ಕಣ್ಣಿಗೆ ಕಂಡದ್ದರ ಮೇಲೆ ವಿಂಗಡಿಸಿದರು. ಪರಿಣತರು ‘ಇವು ಶಕ್ತಿಸಂರಕ್ಷಣೆಯವು, ಇವು ನ್ಯೂಟನ್ನನ ಎರಡನೆಯ ನಿಯಮದವು’ ಎಂದು ತತ್ತ್ವದ ಮೇಲೆ ವಿಂಗಡಿಸಿದರು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿದ್ದ ಇದೇ ವಿದುಷಿಯ ತಂಡ 1989ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿತು. ಬಿಡಿಸಿಟ್ಟ ಮಾದರಿ ಲೆಕ್ಕಗಳನ್ನು ಓದುವಾಗ ಮುಂದೆ ಯಶಸ್ವಿಯಾದ ವಿದ್ಯಾರ್ಥಿಗಳು ಪ್ರತಿ ಹಂತಕ್ಕೂ ‘ಇದು ಏಕೆ ಹೀಗೆ’ ಎಂದು ತಮಗೆ ತಾವೇ ವಿವರಿಸಿಕೊಳ್ಳುತ್ತಿದ್ದರು, ಮತ್ತು ತಮಗೆ ತಿಳಿಯದಿರುವುದು ಯಾವುದೆಂಬುದು ಅವರಿಗೆ ತಿಳಿಯುತ್ತಿತ್ತು. ಹಿಂದುಳಿದವರು ಎಲ್ಲವೂ ಅರ್ಥವಾಯಿತೆಂದು ಭಾವಿಸಿ ಮುಂದೆ ಸಾಗುತ್ತಿದ್ದರು. ‘ಅರ್ಥವಾಯಿತು’ ಎಂಬ ಮಾತನ್ನು ಮನೆಯವರು ಅಷ್ಟು ಸುಲಭವಾಗಿ ನಂಬಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಕಿಲ್ಲ.

ಅಧ್ಯಾಪಕರ ಬಳಿ ಹೋಗುವುದಕ್ಕೂ ಒಂದು ಕ್ರಮವಿದೆ. "ಸರ್, ಈ ಲೆಕ್ಕ ಬರುವುದಿಲ್ಲ" ಎಂದರೆ ಅವರು ಕಪ್ಪುಹಲಗೆಯ ಮೇಲೆ ಅದನ್ನು ಬಿಡಿಸಿ ತೋರಿಸುತ್ತಾರೆ, ಹುಡುಗ ನಕಲು ಮಾಡಿಕೊಂಡು ಬರುತ್ತಾನೆ, ಮರುದಿನ ಅಂಕಿ ಬದಲಾದರೆ ಮತ್ತೆ ಮೊದಲಿನ ಸ್ಥಿತಿಯೇ. "ಸರ್, ಇಲ್ಲಿಯವರೆಗೆ ಬಂದಿದ್ದೇನೆ, ಚಿತ್ರ ಇದು, ಎರಡೂ ಕಡೆ ಹಗ್ಗದ ಎಳೆತ ಒಂದೇ ಎಂದು ಏಕೆ ಹಿಡಿಯಬೇಕು?" ಎಂದು ಕೇಳಿದರೆ ದೊರೆಯುವ ಉತ್ತರವೇ ಬೇರೆ. ನೂರು ಮಕ್ಕಳ ತರಗತಿಯ ಅಧ್ಯಾಪಕರಿಗೂ ಅಂತಹ ಪ್ರಶ್ನೆಗೆ ಎರಡು ನಿಮಿಷ ಕೊಡುವುದು ಭಾರವಾಗದು. ಪ್ರಯತ್ನಿಸಿದ ಹಾಳೆಯಿಲ್ಲದೆ ಸಂದೇಹ ಕೇಳಲು ಹೋಗಕೂಡದು. ಗ್ರಾಮೀಣ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಇಂಗ್ಲಿಷಿನಲ್ಲಿ ಕೇಳಬೇಕೆಂಬ ಅಳುಕಿನಿಂದ ಕೇಳದೆಯೇ ಉಳಿಯುವುದುಂಟು. ಕನ್ನಡದಲ್ಲಿಯೇ ಕೇಳಲಿ. ಭೌತಶಾಸ್ತ್ರವನ್ನು ಜೀವನದುದ್ದಕ್ಕೂ ಬೋಧಿಸಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿದ ಡಾ. ಎಚ್. ನರಸಿಂಹಯ್ಯನವರು ಗೌರಿಬಿದನೂರಿನ ಬಳಿಯ ಹೊಸೂರೆಂಬ ಹಳ್ಳಿಯಿಂದ ಬಂದವರು. ಪ್ರಶ್ನಿಸದೆ ಒಪ್ಪಬೇಡಿ ಎಂಬುದನ್ನೇ ಅವರು 2005ರಲ್ಲಿ ನಿಧನರಾಗುವವರೆಗೂ ವಿದ್ಯಾರ್ಥಿಗಳಿಗೆ ಹೇಳುತ್ತಾ ಬಂದರು.

ಸಹಪಾಠಿಗಳ ನೆರವೂ ಕಡಿಮೆಯದಲ್ಲ. ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ವರ್ಷ ಮುಂದಿನ ತರಗತಿಯ ಅಣ್ಣನೇ ಅಲ್ಲಿ ಅಧ್ಯಾಪಕ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಅವರು 1990ರ ದಶಕದ ಆರಂಭದಿಂದ ತಮ್ಮ ತರಗತಿಯಲ್ಲಿ ಇದನ್ನೇ ಪದ್ಧತಿಯಾಗಿಸಿದರು. ದೊಡ್ಡ ಲೆಕ್ಕಗಳನ್ನು ಬಿಡಿಸಬಲ್ಲ ತಮ್ಮ ವಿದ್ಯಾರ್ಥಿಗಳು ಮೂರನೆಯ ನಿಯಮದ ಸರಳ ಪ್ರಶ್ನೆಗಳಲ್ಲಿ ಎಡವುವುದನ್ನು ಕಂಡು, ಪ್ರಶ್ನೆ ಕೊಟ್ಟು ಮೊದಲು ಒಬ್ಬೊಬ್ಬರೇ ಯೋಚಿಸುವಂತೆಯೂ ಬಳಿಕ ಪಕ್ಕದವನನ್ನು ಒಪ್ಪಿಸುವಂತೆಯೂ ಹೇಳಿದರು. ಕ್ರಮ ಗಮನಾರ್ಹ: ಮೊದಲು ಒಂಟಿಯಾಗಿ, ಆಮೇಲೆ ಜೊತೆಗೆ. ಮೊದಲೇ ಗುಂಪುಗೂಡಿದರೆ ಒಬ್ಬನು ಬಿಡಿಸುತ್ತಾನೆ, ಉಳಿದವರು ಬರೆದುಕೊಳ್ಳುತ್ತಾರೆ.

ಟ್ಯೂಷನ್ ಕುರಿತು ಹೆಚ್ಚು ಹೇಳಲಾರೆ. ಮಗುವಿನ ಕೈಯಿಂದ ಲೆಕ್ಕ ಮಾಡಿಸುವ ಟ್ಯೂಷನ್ ಒಳ್ಳೆಯದು. ಮಾಡಿದ್ದನ್ನು ನೋಡಿಸುವ ಟ್ಯೂಷನ್ ಜಾತ್ರೆಯ ನಾಟಕವಿದ್ದಂತೆ, ನೋಡುವಾಗ ಚೆನ್ನ. ಇನ್ನು ಇತ್ತೀಚಿನ ವರ್ಷಗಳಲ್ಲಿ ಮೊಬೈಲಿನಿಂದ ಲೆಕ್ಕದ ಚಿತ್ರ ತೆಗೆದು ಕಳುಹಿಸಿದರೆ ಕ್ಷಣಾರ್ಧದಲ್ಲಿ ಬಿಡಿಸಿಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿವೆ. ಕನ್ನಡದಲ್ಲಿ ಕೇಳಿದರೂ ಅವು ಉತ್ತರಿಸುತ್ತವೆ. ಇವನ್ನು ಶಪಿಸಿ ಫಲವಿಲ್ಲ. ಆದರೆ ಎರಡು ಎಚ್ಚರಿಕೆಗಳು ಬೇಕು. ಅವು ತಪ್ಪುವುದುಂಟು, ತಪ್ಪಿದಾಗಲೂ ಅದೇ ಗಾಂಭೀರ್ಯದಿಂದ ಹೇಳುತ್ತವೆ. ಮಳೆಹನಿಯನ್ನು 504 ಕಿಲೋಮೀಟರ್ ವೇಗದಲ್ಲಿ ಬೀಳಿಸಿದರೆ ಹಿಡಿಯಬೇಕಾದವರು ನಾವೇ. ಎರಡನೆಯದಾಗಿ, "ಬಿಡಿಸಿಕೊಡು" ಎಂದು ಕೇಳುವ ಬದಲು "ನಾನು ಬಿಡಿಸಿದ್ದು ಇಲ್ಲಿದೆ, ಎಲ್ಲಿ ತಪ್ಪಿದೆ ಎಂಬ ಸುಳಿವು ಮಾತ್ರ ಕೊಡು, ಉತ್ತರ ಹೇಳಬೇಡ" ಎಂದು ಕೇಳಲು ಮಗುವಿಗೆ ಕಲಿಸಬೇಕು. ಹಾಗೆ ಕೇಳಿದಾಗ ಅದೇ ಯಂತ್ರ ಒಳ್ಳೆಯ ಉಪಾಧ್ಯಾಯನಾಗಬಲ್ಲುದು. ಪರೀಕ್ಷಾ ಕೊಠಡಿಗೆ ಮೊಬೈಲನ್ನು ಬಿಡುವುದಿಲ್ಲವೆಂಬುದನ್ನು ಮಕ್ಕಳು ಅದೇಕೋ ಮಾರ್ಚ್ ತಿಂಗಳಲ್ಲಿ ಮಾತ್ರ ನೆನೆಯುತ್ತಾರೆ.

ಬಿಡಿಸಿದ ಉತ್ತರವನ್ನು, ಅದು ಗೈಡಿನದಾಗಲಿ ಗೆಳೆಯನದಾಗಲಿ, ನೋಡಬೇಕಾಗಿ ಬಂದರೆ ನೋಡಲಿ. ಅರ್ಧ ಗಂಟೆ ಪ್ರಯತ್ನಿಸಿ ಸೋತ ಮೇಲೆ ನೋಡುವುದರಲ್ಲಿ ಅವಮಾನವಿಲ್ಲ. ನೋಡಿದ ಬಳಿಕ ಪುಸ್ತಕ ಮುಚ್ಚಿ, ಮರುದಿನ ಬೆಳಿಗ್ಗೆ ಬಿಳಿ ಹಾಳೆಯ ಮೇಲೆ ಅದನ್ನೇ ಮತ್ತೆ ಬಿಡಿಸಲಿ. ಪಠ್ಯಪುಸ್ತಕದ ಲೆಕ್ಕಗಳು ಮುಗಿಯುವ ಮೊದಲೇ ದೊಡ್ಡ ಗ್ರಂಥಗಳನ್ನು ಕೊಂಡು ಕಪಾಟಿನಲ್ಲಿಡುವ ಚಪಲವೂ ನಮ್ಮಲ್ಲಿದೆ. ಕಾನ್ಪುರದ ಐಐಟಿಯಲ್ಲಿ ಬೋಧಿಸಿದ ಎಚ್. ಸಿ. ವರ್ಮಾ ಅವರ ‘ಕಾನ್ಸೆಪ್ಟ್ಸ್ ಆಫ್ ಫಿಸಿಕ್ಸ್’ 1992ರಿಂದ ದೇಶದಾದ್ಯಂತ ಹೆಸರಾದ ಉತ್ಕೃಷ್ಟ ಕೃತಿ, ಸಂದೇಹವಿಲ್ಲ. ಆದರೆ ಅದನ್ನು ತೆರೆಯುವುದು ಪಾಠದ ಲೆಕ್ಕಗಳು ಕೈವಶವಾದ ಮೇಲೆ.

ಮನೆಯಲ್ಲಿ ಇಂದೇ ಕೇಳಬಹುದಾದ ಲೆಕ್ಕವೊಂದಿದೆ. ಬಾವಿಯಿಂದ ನೀರು ತುಂಬಿದ ಕೊಡವನ್ನು ಸೇದುತ್ತಿದ್ದೇವೆ. ನೀರು, ಕೊಡ ಎಲ್ಲವೂ ಸೇರಿ 10 ಕಿಲೋಗ್ರಾಂ. ಕೊಡ ಒಂದೇ ವೇಗದಲ್ಲಿ ನೇರವಾಗಿ ಮೇಲೆ ಬರುತ್ತಿದೆ. ಹಗ್ಗ ಕೊಡವನ್ನು ಎಷ್ಟು ಬಲದಿಂದ ಎಳೆಯುತ್ತಿದೆ? ಮೇಲೆ ಬರುತ್ತಿರುವುದರಿಂದ ತೂಕಕ್ಕಿಂತ ಹೆಚ್ಚು ಎಂದು ಹೇಳುವವರೇ ಬಹಳ. ಕೊಡವನ್ನು ಮಾತ್ರ ಬರೆದು ಎರಡು ಬಾಣ ಹಾಕಿಸಿರಿ. ವೇಗ ಬದಲಾಗುತ್ತಿಲ್ಲವಾದ್ದರಿಂದ ಎರಡೂ ಸಮ, ಉತ್ತರ 98 ನ್ಯೂಟನ್. ಹಾಗಾದರೆ ನಿಂತ ಕೊಡವನ್ನು ಎಳೆಯಲಾರಂಭಿಸಿದ ಕ್ಷಣದಲ್ಲಿ ಎಷ್ಟು ಎಂದು ಮುಂದೆ ಕೇಳಿರಿ. 98ಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದನ್ನು ಮಗುವೇ ಹೇಳಲಿ. ಎಷ್ಟು ಹೆಚ್ಚು ಕಡಿಮೆ ಎಂದು ಹೇಳಲು ಲೆಕ್ಕದಲ್ಲಿ ಯಾವ ಅಂಕಿ ಇನ್ನೂ ಕೊಟ್ಟಿಲ್ಲ ಎಂಬುದನ್ನೂ ಅದೇ ಹುಡುಕಲಿ.